ತಿದ್ದಿದ ಗೋಡೆ

ಮೂವತ್ತೊಂದು ವರ್ಷ ಪೇಂಟರು ಕೈಯಾರೆ ಬರೆದುಕೊಟ್ಟಿದ್ದ ಬೋರ್ಡನ್ನು ಆ ವರ್ಷ ಅವರ ಅಳಿಯ ಸುರುಳಿ ಸುತ್ತಿ, ಕಂಕುಳಲ್ಲಿ ಸಿಕ್ಕಿಸಿಕೊಂಡು ಮನೆಗೆ ಬಂದ. ಬರಬಾರದಿತ್ತು. ಅಂಗಡಿಯಿಂದ ಸೀದಾ ಪ್ರಾರ್ಥನಾ ಮಂದಿರಕ್ಕೆ ಒಯ್ದು ಕೊಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಮನೆ ದಾರಿಯಲ್ಲೇ ಇತ್ತು, ಹೊಟ್ಟೆ ಹಸಿದಿತ್ತು, ಹಸಿವಾದರೆ ಅಳಿಯನಿಗೆ ಬುದ್ಧಿ ಓಡುವುದಿಲ್ಲ.

"ಏನದು?" ತಟ್ಟೆಯ ಮುಂದೆ ಕೂತಿದ್ದ ಪೇಂಟರು ಕೇಳಿದರು.

"ಫ್ಲೆಕ್ಸು ಮಾವ."

"ಫ್ಲೆಕ್ಸು ಅಂತ ಕಣ್ಣಿಗೆ ಕಾಣುತ್ತೆ. ಯಾರದ್ದು?"

ಅಳಿಯ ಹೆಂಡತಿಯ ಮುಖ ನೋಡಿದ. ಅವಳು ತನ್ನ ತಟ್ಟೆ ನೋಡಿಕೊಂಡಳು.

"ಮಂದಿರದ್ದು. ಹಬ್ಬದ ವಾರದ ಪ್ರಾರ್ಥನೆ ಟೈಮು."

"ಬಿಚ್ಚು."

"ಊಟ ಆದ್ಮೇಲೆ ನೋಡೋಣ ಬಿಡಿ ಮಾವ."

"ಬಿಚ್ಚು ಅಂದೆ."

ಅಳಿಯ ಬಿಚ್ಚಿ ಹಿಡಿದ. ಬಂಗಾರದ ಬಣ್ಣದ ಅಕ್ಷರ, ಅದಕ್ಕೆ ನೆರಳು, ಮೂಲೆಗೆರಡು ಗುಲಾಬಿ ಹೂವು. ಪೇಂಟರು ಎಡಗೈಯ ಬೆರಳನ್ನು ಎರಡು ಅಕ್ಷರಗಳ ನಡುವೆ ಇಟ್ಟರು. "ಇಲ್ಲಿ ಒಂದು ಲಾರಿ ಹೋಗುತ್ತೆ ನೋಡು, ಆರಾಮಾಗಿ."

"ಅದು ಕಂಪ್ಯೂಟರ್ ಮಾಡಿದ್ದು ಮಾವ."

"ಹಾಗಾದ್ರೆ ಆ ಕಂಪ್ಯೂಟರ್‌ನ ಕರ್ಕೊಂಡ್ ಬಂದು ಊಟಕ್ಕೆ ಕೂರಿಸು."

ಅವರು ಎದ್ದು ಕೈ ತೊಳೆದುಕೊಂಡರು. ಅಜ್ಜಿ, ಅಂದರೆ ಪೇಂಟರ ಹೆಂಡತಿ, ಅರ್ಧ ಉಳಿದ ತಟ್ಟೆಯನ್ನು ಎತ್ತಿಡುತ್ತ, "ಕಾಯಿಲೆನೂ ರೋಗಿನೂ ಒಂದೇ ಮೇಜಲ್ಲಿ ಉಣ್ಣೋ ಮನೆ ಇದು. ನಾನು ಯಾರಿಗೆ ಬಡಿಸ್ಲಿ?" ಎಂದಳು. ಯಾರೂ ನಗಲಿಲ್ಲ.

ಅಜ್ಜಿಯ ಮಾತು ಸುಳ್ಳಲ್ಲ. ಪೇಂಟರು ಊರಿನ ಅರ್ಧ ಅಂಗಡಿಗಳಿಗೆ ಬೋರ್ಡು ಬರೆದವರು. ಫ್ಲೆಕ್ಸ್ ಬಂದ ಎರಡೇ ವರ್ಷಕ್ಕೆ ಅವರ ಕುಂಚಗಳು ಡಬ್ಬಿ ಸೇರಿದವು. ಅಳಿಯ ಕೆಲಸ ಮಾಡುವುದು ಅಂಥದ್ದೇ ಒಂದು ಫ್ಲೆಕ್ಸ್ ಅಂಗಡಿಯಲ್ಲಿ, ಮೆಷಿನ್ ಮುಂದೆ. ಬಾಡಿಗೆ ಏರಿ ಬೇರೆ ಮನೆ ಹಿಡಿಯಲಾಗದೆ ಅವನು, ಹೆಂಡತಿ, ಎಂಟು ವರ್ಷದ ಮಗಳು ಮೂವರೂ ಮಾವನ ಮನೆಯ ಹಾಲ್‌ನಲ್ಲಿ ಚಾಪೆ ಹಾಸಿ ಮಲಗುತ್ತಿದ್ದರು. ದಿನಾ ಬೆಳಿಗ್ಗೆ ಚಾಪೆ ಸುತ್ತಿ ಮೇಜು ಹಾಕಬೇಕು, ಸಂಜೆ ಮೇಜು ಸರಿಸಿ ಚಾಪೆ ಹಾಸಬೇಕು.

ಪೇಂಟರಿಗೆ ಉಳಿದಿದ್ದದ್ದು ಮಂದಿರದ ಆ ಒಂದು ಬೋರ್ಡು. ವಸಂತದ ಹಬ್ಬಕ್ಕೆ ಎಂಟು ದಿನ ರಜೆ, ಎಂಟೂ ದಿನ ಬೇರೆ ಬೇರೆ ಹೊತ್ತಿಗೆ ಪ್ರಾರ್ಥನೆ. ಅದನ್ನು ತಗಡಿನ ಮೇಲೆ ಬರೆದು ಬಾಗಿಲ ನೆತ್ತಿಗೆ ಹಾಕುವುದು ಅವರ ಕೆಲಸ. ಕಾಸು ಮುಟ್ಟುತ್ತಿರಲಿಲ್ಲ. ಒಳಗೆ ಹೋಗಿ ಕೈಮುಗಿದು ಕೂತದ್ದಂತೂ ಬಹಳ ಕಡಿಮೆ. ಏಣಿಯ ಮೇಲೆ ನಿಂತು ಗೆರೆ ಎಳೆಯುವುದೇ ಅವರ ಪ್ರಾರ್ಥನೆಯಾಗಿತ್ತು ಎಂದರೆ ತಪ್ಪಿಲ್ಲ. ಅದನ್ನೂ ಕಿತ್ತುಕೊಂಡದ್ದು ಅವರಿಗೆ ಅವಮಾನವೆನಿಸಿತು. ಮೂರು ದಿನ ಅಳಿಯನೊಡನೆ ಮಾತು ಬಿಟ್ಟರು. ಉಪ್ಪು ಬೇಕಾದರೂ ಮೊಮ್ಮಗಳಿಗೆ ಹೇಳಿ ತರಿಸಿಕೊಂಡರು.

ಮೊಮ್ಮಗಳು ನಡಿಗೆ ಬಂದಾಗಿನಿಂದ ತಾತನ ಹಿಂದೆಯೇ ಸುತ್ತುವವಳು. ಅದಕ್ಕೆ ಅವಳನ್ನು ಮನೆಯಲ್ಲಿ, ಬೀದಿಯಲ್ಲಿ ಎಲ್ಲರೂ ಕರೆಯುವುದೇ ಬಾಲ ಎಂದು.

ನಾಲ್ಕನೆಯ ದಿನ ಮಗಳು ತಂದೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ಅವಳಿಗೆ ಊರಿನ ಕಲಾಕೇಂದ್ರದಲ್ಲಿ ನೌಕರಿ. ಮೂರು ವರ್ಷದಿಂದ ಹಂಗಾಮಿ.

"ಅಪ್ಪ, ನಿಂಗೊಂದು ಕೆಲ್ಸ ಇದೆ."

"ನನಗೆ ಕರುಣೆ ತೋರಿಸ್ಬೇಡ."

"ಕರುಣೆ ಯಾರ್ ತೋರಿಸ್ತಾರೆ? ನಂಗೇ ಸಾಲಲ್ಲ. ಕೇಳು ಮೊದ್ಲು."

ನಮ್ಮ ಮಂದಿರದ ಬೆನ್ನಿಗೇ ಇನ್ನೊಂದು ಪಂಥದವರ ಮಂದಿರವಿತ್ತು. ಬೀದಿಯುದ್ದಕ್ಕೂ ಎರಡಕ್ಕೂ ಸೇರಿದ ಎಂಬತ್ತಡಿ ಉದ್ದದ ಒಂದೇ ಗೋಡೆ. ಆ ಗೋಡೆಯ ಬೀದಿಯ ಕಡೆಗೆ ಸುಣ್ಣ ಹೊಡೆಸುವವರು ಯಾರು ಎಂದು ಎರಡೂ ಕಡೆಯವರು ಜಗಳವಾಡಿಕೊಂಡೇ ಒಂದು ತಲೆಮಾರು ಕಳೆದಿದ್ದರು. ಈ ಸಲ ಇಬ್ಬರ ವಸಂತದ ಹಬ್ಬವೂ ಒಂದೇ ವಾರಕ್ಕೆ ಬಿದ್ದಿತ್ತು. ಮಗಳು ಎರಡು ತಿಂಗಳು ಎರಡೂ ಬಾಗಿಲಿಗೆ ಅಲೆದು, ಎರಡೂ ಕಡೆ ಚಹಾ ಕುಡಿದು, ಬೈಸಿಕೊಂಡು, ಕೊನೆಗೆ ಸಹಿ ಹಾಕಿಸಿದ್ದಳು. ಎರಡೂ ಮಂದಿರಗಳ ನಲವತ್ತು ಮಕ್ಕಳು, ಒಬ್ಬೊಬ್ಬರಿಗೆ ಎರಡಡಿ ಗೋಡೆ. ಹಬ್ಬದ ವಾರದಲ್ಲಿ ಅವರವರಿಗೆ ತೋಚಿದ ಚಿತ್ರ ಬರೆಯಬೇಕು. ಕೊನೆಯ ದಿನ ಹಣ ಕೊಟ್ಟ ಸಂಸ್ಥೆಯವರು ಬಂದು ನೋಡುತ್ತಾರೆ. ಒಪ್ಪಿದರೆ ಪ್ರತಿ ವರ್ಷ ಈ ಕೆಲಸ, ಮಗಳ ನೌಕರಿ ಕಾಯಂ. ಕೇಂದ್ರದ ನಿರ್ದೇಶಕರು ಬಾಯಿಬಿಟ್ಟು ಹಾಗೆ ಹೇಳಿದ್ದರು. ಕಾಯಂ ಆದರೆ ಬೇರೆ ಮನೆ, ಮಲಗಲು ಒಂದು ಕೋಣೆ, ಮುಚ್ಚಿಕೊಳ್ಳಲು ಒಂದು ಬಾಗಿಲು. ಆ ಬಾಗಿಲಿನ ಬಗ್ಗೆ ಅವಳು ಗಂಡನೊಡನೆ ಎಷ್ಟೋ ಸಲ ಪಿಸುಗುಟ್ಟಿದ್ದಳು.

"ನಾನೇನ್ ಬರೀಬೇಕು?" ಪೇಂಟರು ನೆಟ್ಟಗೆ ಕೂತರು.

"ಬರಿಯೋದಲ್ಲಪ್ಪ. ಗೋಡೆ ಕೆರೆದು ಬಿಳಿ ಹೊಡೆದುಕೊಡು. ಆಮೇಲೆ ಮಕ್ಕಳಿಗೆ ಬಣ್ಣ ಕಲಸಿ ಕೊಡೋದು, ಕುಂಚ ತೊಳೆಯೋದು."

"ಕುಂಚ ತೊಳೆಯೋದು."

"ಷರತ್ತು ಹಾಗಿದೆ. ಹನ್ನೆರಡು ವರ್ಷದ ಮೇಲಿನವರ ಕುಂಚ ಗೋಡೆಗೆ ತಾಗೋ ಹಾಗಿಲ್ಲ. ಕಾಗದದಲ್ಲಿ ಮೊದಲನೇ ಸಾಲೇ ಅದು. ಒಂದು ಚುಕ್ಕೆನೂ ಇಡ್ಬೇಡ ಅಪ್ಪ. ನಿನ್ನ ಕೈ ನಂಗೊತ್ತು."

"ನನ್ ಕೈಗೇನಾಗಿದೆ?"

"ಏನೂ ಆಗಿಲ್ಲ. ಅದೇ ನನ್ನ ಭಯ."

ಪೇಂಟರು ಮೂಗು ಮುರಿದರು. ಆದರೆ ಮರುದಿನವೇ ಹಿತ್ತಲ ಶೆಡ್ಡಿನಿಂದ ಏಣಿ ಇಳಿಸಿದರು. ಗೋಡೆ ಕೆರೆದು, ಬಿರುಕಿಗೆ ಪುಟ್ಟಿ ತುಂಬಿ, ಎರಡು ಕೋಟು ಬಿಳಿ ಹೊಡೆದದ್ದು ನೋಡಬೇಕಿತ್ತು. ಹಾಲು ಚೆಲ್ಲಿದ ಹಾಗಿತ್ತು ಗೋಡೆ. ನೂಲಿಗೆ ನೀಲಿ ಪುಡಿ ಹಚ್ಚಿ, ಈ ತುದಿಯಿಂದ ಆ ತುದಿಗೆ ಬಿಗಿಹಿಡಿದು, ಒಮ್ಮೆ ಚಿಮ್ಮಿಸಿ ಎರಡಡಿಗೊಂದು ಚೌಕ ಮಾಡಿದರು. ನಲವತ್ತು ಚೌಕದಲ್ಲಿ ಒಂದು ಕೂಡ ಕೂದಲೆಳೆ ಆಚೀಚೆ ಆಗಿರಲಿಲ್ಲ. ಎಷ್ಟೋ ದಿನದ ಮೇಲೆ ಅವರು ಎರಡು ಸಲ ಬಡಿಸಿಕೊಂಡು ಉಂಡರು. ಅಳಿಯನಿಗೆ, "ಉಪ್ಪು ಕೊಡಪ್ಪ," ಎಂದರು. ಅಜ್ಜಿ ನಿಟ್ಟುಸಿರು ಬಿಟ್ಟಳು.

ಹಬ್ಬ ಶುರುವಾಯಿತು. ಎರಡು ದಿನಕ್ಕೆ ಹತ್ತು ಮಕ್ಕಳ ಒಂದೊಂದು ತಂಡ, ಕೊನೆಯ ತಂಡಕ್ಕೆ ಮಾತ್ರ ಒಂದೇ ದಿನ. ತಮ್ಮ ಚೌಕ ಮುಗಿಸಿದವರು ಮತ್ತೆ ಬರಬೇಕಾದದ್ದು ಕೊನೆಯ ದಿನ. ಬಾಲ ಮೊದಲನೆಯ ತಂಡದಲ್ಲೇ ಇದ್ದಳು. ಬಕೆಟ್ಟಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು ಪೇಂಟರು ಕುಂಚ ತೊಳೆದರು, ಬಣ್ಣ ಕಲಸಿದರು, ನೋಡಿದರು. ನೋಡಿದ್ದೇ ತಪ್ಪಾಯಿತು.

ಬೇಕರಿಯವನ ಮಗ ಆರು ಕಾಲಿನ ನಾಯಿ ಬರೆದ. ಆಚೆ ಮಂದಿರದ ಒಬ್ಬಳು ಬರೆದ ಮನೆ ಬಲಕ್ಕೆ ವಾಲಿ ಇನ್ನೇನು ಬೀಳುವಂತಿತ್ತು. ಸೂರ್ಯ ಒಂದು ಕಡೆ ಆಲೂಗಡ್ಡೆ, ಇನ್ನೊಂದು ಕಡೆ ಚಪ್ಪಲಿ.

"ನಾಯಿಗೆ ಎಷ್ಟು ಕಾಲಪ್ಪ?" ಎಂದು ಪೇಂಟರು ಮೆಲ್ಲಗೆ ಕೇಳಿದರು.

"ನಾಲ್ಕು," ಎಂದ ಬೇಕರಿಯವನ ಮಗ. "ಆದ್ರೆ ಇದು ಓಡ್ತಾ ಇದೆ."

"ಅಪ್ಪಾ!" ದೂರದಿಂದ ಮಗಳ ದನಿ ಬಂತು. ಪೇಂಟರು ಬಾಯಿಗೆ ಬೀಗ ಹಾಕಿಕೊಂಡರು.

ಬಾಲಳ ಚೌಕದಲ್ಲಿ ಒಂದು ಏಣಿ, ಏಣಿಯ ಮೇಲೊಬ್ಬ ಮನುಷ್ಯ. ಅವನ ಎಡಗೈ ಸರಿಯಾಗಿತ್ತು. ಬಲಗೈ ಮಾತ್ರ ಮೈಗಿಂತ ಮೂರು ಪಟ್ಟು ಉದ್ದ. ಏಣಿ ದಾಟಿ, ಮೋಡ ದಾಟಿ, ಚೌಕದ ಮೇಲಿನ ಗೆರೆಯವರೆಗೂ ಹೋಗಿತ್ತು.

"ಯಾರೇ ಇವನು?"

"ಈಗ ಹೇಳಲ್ಲ. ಕೊನೆ ದಿನ ಹೇಳ್ತೀನಿ."

"ಕೈ ಇಷ್ಟುದ್ದ ಇರುತ್ತಾ ಯಾರಿಗಾದ್ರೂ?"

"ಇವರಿಗಿದೆ. ನೀನು ಹಸಿರು ಕಲಸು ತಾತ, ಸುಮ್ನೆ ಮಾತಾಡ್ಬೇಡ."

ಮೂರನೆಯ ಬೆಳಿಗ್ಗೆ, ಮೊದಲ ಪ್ರಾರ್ಥನೆಗಿಂತ ಮುಂಚೆ, ಪೇಂಟರು ಗೋಡೆಯ ಹತ್ತಿರ ಹೋದರು. ನಲವತ್ತು ವರ್ಷದಿಂದ ಅವರಿಗೆ ಬೆಳಕು ಹರಿಯುವ ಮುಂಚೆ ಎಚ್ಚರವಾಗುವುದು ಅಭ್ಯಾಸ. ಜೇಬಿನಲ್ಲಿ ಒಂದೇ ಒಂದು ಕುಂಚ, ಒಂದು ಸಣ್ಣ ಡಬ್ಬಿ ಕಪ್ಪು. ಏನೂ ಮಾಡಬೇಕೆಂದು ಹೋದದ್ದಲ್ಲ ಎಂದು ಆಮೇಲೆ ಆಣೆ ಮಾಡಿ ಹೇಳಿದರು. ನನಗೆ ಅದರಲ್ಲಿ ನಂಬಿಕೆಯಿಲ್ಲ. ಏನೂ ಮಾಡದವನು ಕುಂಚ ಯಾಕೆ ಒಯ್ಯುತ್ತಾನೆ? ವಾಲಿದ ಮನೆಯ ಒಂದು ಗೋಡೆಯನ್ನು ನೆಟ್ಟಗೆ ಮಾಡಿದರು. ಒಂದೇ ಗೆರೆ. ಕಿರುಬೆರಳನ್ನು ಗೋಡೆಗೆ ಊರಿ, ಉಸಿರು ಹಿಡಿದು, ಮೇಲಿಂದ ಕೆಳಕ್ಕೆ. ತಿಂಗಳುಗಟ್ಟಲೆ ಆಡದ ಕೈ, ಒಂದಿಷ್ಟೂ ನಡುಗಲಿಲ್ಲ. ಅವರಿಗೆ ಎಷ್ಟು ಸಂತೋಷವಾಯಿತೆಂದರೆ ಕಣ್ಣು ತುಂಬಿಕೊಂಡವು.

ಪ್ರಾರ್ಥನೆ ಮುಗಿಸಿ ಹೊರಬಂದವರು ಗೋಡೆಯ ಮುಂದೆ ನಿಂತರು. "ಮಕ್ಕಳು ಎಷ್ಟು ಚೆನ್ನಾಗಿ ಬರೆದಿವೆ!" ಎಂದ ಒಬ್ಬ ಹಿರಿಯ ಆ ಮನೆಯನ್ನೇ ತೋರಿಸಿದ.

ಸಾಕಲ್ಲ ಇನ್ನೇನು! ಮರುದಿನ ನಾಯಿಯ ಎರಡು ಕಾಲು ಹೋದವು. ಅದರ ಮರುದಿನ ಆಲೂಗಡ್ಡೆ ಸೂರ್ಯ ದುಂಡಗಾದ. ಹಕ್ಕಿಗಳಿಗೆ ಕೊಕ್ಕು ಬಂತು, ಮುಖಗಳಿಗೆ ಕತ್ತು ಬಂತು. ಮುಗಿದ ತಂಡದ ಚಿತ್ರಗಳನ್ನಷ್ಟೇ ಮುಟ್ಟುತ್ತಿದ್ದರು. ಆ ಮಕ್ಕಳು ಹೇಗೂ ಬರುತ್ತಿರಲಿಲ್ಲ. ಮಕ್ಕಳದ್ದು ನೀರಿನ ಬಣ್ಣ. ಪೇಂಟರು ಬಳಸಿದ್ದು ಎಣ್ಣೆ ಬಣ್ಣ. ಮಳೆಗೆ ತೊಳೆದುಹೋಗುವ ಕೆಲಸವನ್ನು ಅವರು ಜನ್ಮದಲ್ಲಿ ಮಾಡಿದವರಲ್ಲ.

"ಬೆಳಿಗ್ಗೆ ಬೆಳಿಗ್ಗೆ ಎಲ್ಲಿಗೆ ಹೋಗ್ತೀರ?" ಅಜ್ಜಿ ಬ್ರೆಡ್ಡು ಕಾಯಿಸುತ್ತ ಕೇಳಿದಳು.

"ವಾಕಿಂಗು."

"ವಾಕಿಂಗ್ ಮಾಡಿದ್ರೆ ಸೀಮೆಎಣ್ಣೆ ವಾಸನೆ ಬರುತ್ತಾ?"

"ಸೀಮೆಎಣ್ಣೆ ಅಲ್ಲ, ಟರ್ಪೆಂಟೈನು," ಎಂದರು ಪೇಂಟರು. ಅಜ್ಜಿ ಸೌಟು ಹಿಡಿದು ಅವರನ್ನೇ ನೋಡಿದಳು. ಅವರು ಚಹಾ ಲೋಟದಲ್ಲಿ ಮುಖ ಮುಚ್ಚಿಕೊಂಡರು.

"ಮಗಳ ಹೊಟ್ಟೆ ಮೇಲೆ ಹೊಡೀಬೇಡ್ರಿ."

"ಮಗಳಿಗೆ ಒಳ್ಳೇದಾಗ್ಲಿ ಅಂತಾನೇ ಕಣೇ. ಆ ನಾಯಿ ನೋಡಿದ್ರೆ ಬಂದವರು ಏನಂತಿದ್ರು? ಇವಳು ಮಕ್ಕಳಿಗೆ ಏನೂ ಕಲಿಸಿಲ್ಲ ಅಂತಿದ್ರು."

ಆರನೆಯ ದಿನ ಮಗಳಿಗೂ ಗೊತ್ತಾಯಿತು. ಬಿಸಿಲು ಓರೆಯಾಗಿ ಬಿದ್ದಾಗ ಗೋಡೆಯ ಮೇಲೆ ಕೆಲವು ಗೆರೆಗಳು ಮಾತ್ರ ಫಳಫಳ ಹೊಳೆದವು. ಅವಳು ಹತ್ತಿರ ಹೋದಳು. ಹಕ್ಕಿಯ ಬಾಲದ ತುದಿಯಲ್ಲಿ ಒಂದು ಸಣ್ಣ ಕೊಕ್ಕೆಯಿತ್ತು. ಅವಳು ಹುಟ್ಟಿದಾಗಿನಿಂದ ಊರಿನ ಎಲ್ಲ ಬೋರ್ಡುಗಳಲ್ಲೂ ನೋಡಿದ ಕೊಕ್ಕೆ ಅದು, ಅಪ್ಪ ಕುಂಚ ಎತ್ತುವಾಗ ತಾನಾಗಿ ಬೀಳುವುದು. ಅಷ್ಟರಲ್ಲಿ ಕೇಂದ್ರದ ನಿರ್ದೇಶಕರು ಬಂದು ಬೆನ್ನು ತಟ್ಟಿ, "ಏನಮ್ಮ, ಮಕ್ಕಳ ಕೈಯಲ್ಲಿ ಚಿನ್ನ ಬೆಳೆಸಿದ್ದೀರಲ್ಲ! ನಿಮ್ಮ ಕಾಗದ ರೆಡಿ ಮಾಡಿಸ್ತೀನಿ," ಎಂದರು.

"ಥ್ಯಾಂಕ್ಸ್ ಸರ್," ಎಂದಳು. ಆ ಸಂಜೆ ಮನೆಯಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಬಾಗಿಲ ಹಿಂದೆ ನೇತುಹಾಕಿದ್ದ ಅಪ್ಪನ ಅಂಗಿಯನ್ನು ಮೂಸಿ ನೋಡಿ, ಹಾಗೇ ಬಿಟ್ಟಳು.

ಅಳಿಯನಿಗೆ ಇದೊಂದೂ ಗೊತ್ತಿರಲಿಲ್ಲ. ಪಾಪ, ಅವನು ಅವನದ್ದೇ ಒಂದು ಒಳ್ಳೆಯ ಕೆಲಸದಲ್ಲಿ ಮುಳುಗಿದ್ದ. ದಿನಾ ಸಂಜೆ ಕೆಲಸ ಬಿಟ್ಟು ಬರುವಾಗ ಗೋಡೆಯ ಮುಂದೆ ನಿಂತು ಆ ದಿನ ಬರೆದ ಚಿತ್ರಗಳ ಫೋಟೋ ತೆಗೆಯುತ್ತಿದ್ದ. ಹೆಂಡತಿಯ ದೊಡ್ಡ ದಿನಕ್ಕೆಂದು ಯಜಮಾನರ ಕಾಲು ಹಿಡಿದು ಪುಕ್ಕಟೆಯಾಗಿ ಹನ್ನೆರಡಡಿಯ ಒಂದು ಫ್ಲೆಕ್ಸ್ ಹೊಡೆಸಿದ. ನಲವತ್ತು ಚಿತ್ರಗಳೂ ಅದರಲ್ಲಿ, ಕೆಳಗೆ ಒಂದೊಂದು ಮಗುವಿನ ಹೆಸರು. ಯಾರಿಗೂ ಹೇಳದೆ ಕೊನೆಯ ದಿನ ಬೆಳಿಗ್ಗೆ ಗೋಡೆಯ ಪಕ್ಕದ ಗೇಟಿಗೆ ಕಟ್ಟಿ, ಹೆಂಡತಿ ನೋಡಿ ಖುಷಿಪಡಲಿ ಎಂದು ಪಕ್ಕದಲ್ಲೇ ನಿಂತುಕೊಂಡ.

ಅದೇ ಬೆಳಿಗ್ಗೆ, ಅವನಿಗಿಂತ ಒಂದು ಗಂಟೆ ಮುಂಚೆ ಪೇಂಟರು ಬಂದು ಹೋಗಿದ್ದರು. ಅಷ್ಟು ದಿನವೂ ಅವರು ಬಾಲಳ ಚೌಕವನ್ನು ಮುಟ್ಟಿರಲಿಲ್ಲ. ಮೊಮ್ಮಗಳದ್ದು, ಇರಲಿ ಎಂದು ಬಿಟ್ಟಿದ್ದರು. ಆದರೆ ಸುತ್ತಲಿನದೆಲ್ಲ ನೆಟ್ಟಗಾದ ಮೇಲೆ ಆ ಉದ್ದ ಕೈ ಒಂದೇ ಎದ್ದು ಕಾಣತೊಡಗಿತ್ತು. ಬಂದವರು ತನ್ನ ಮೊಮ್ಮಗಳನ್ನೇ ನೋಡಿ ನಗುತ್ತಾರಲ್ಲ ಎಂದು ಅವರಿಗೆ ಸಂಕಟವಾಯಿತು. ಬಿಳಿಯಲ್ಲಿ ಆ ಕೈಯನ್ನು ಅಳಿಸಿದರು. ಭುಜದಿಂದ ಮೊಣಕೈ, ಮೊಣಕೈಯಿಂದ ಮಣಿಕಟ್ಟು, ಅಳತೆ ತಪ್ಪದ ಹಾಗೆ ಹೊಸ ಕೈ ಬರೆದರು. ಬಹಳ ಚೆನ್ನಾಗಿ ಬಂತು.

ಹತ್ತು ಗಂಟೆಗೆ ಸಂಸ್ಥೆಯವರು ಮೂವರು ಬಂದರು. ಮುಖ್ಯಸ್ಥೆ ವಯಸ್ಸಾದ ಹೆಂಗಸು. ಕನ್ನಡಕವನ್ನು ದಾರಕ್ಕೆ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿದ್ದಳು. ಎರಡೂ ಮಂದಿರಗಳ ಜನ ಹಬ್ಬದ ಬಟ್ಟೆಯಲ್ಲಿ ಎರಡು ಗುಂಪಾಗಿ ನಿಂತಿದ್ದರು. ಮಕ್ಕಳು ತಮ್ಮ ತಮ್ಮ ಚೌಕಗಳಿಗೆ ಓಡಿದರು. ಮೊದಲು ಕೂಗಿದವನು ಬೇಕರಿಯವನ ಮಗ.

"ನನ್ ನಾಯಿ ಕಾಲೆಲ್ಲಿ?"

ಕೆಲವರು ನಕ್ಕರು. ಆಚೆ ಮಂದಿರದ ಹುಡುಗಿ, "ಇದು ನಮ್ಮನೆ ಅಲ್ಲ," ಎಂದು ಅಮ್ಮನ ಸೆರಗು ಎಳೆದಳು. ಕನ್ನಡಕದ ಹೆಂಗಸು ಗೇಟಿನ ಹತ್ತಿರ ಹೋಗಿ ಫ್ಲೆಕ್ಸ್ ನೋಡಿದಳು. ಗೋಡೆಯ ಹತ್ತಿರ ಬಂದು ನಾಯಿಯನ್ನು ನೋಡಿದಳು. ಮತ್ತೆ ಫ್ಲೆಕ್ಸಿಗೆ ಹೋದಳು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಳು.

"ಮಕ್ಕಳಿಗೆ ಎಣ್ಣೆ ಬಣ್ಣ ಕೊಟ್ಟಿದ್ರಾ?"

ಮಗಳು ತಿರುಗಿ ಅಪ್ಪನನ್ನು ನೋಡಿದಳು.

"ಯಾರು ತಿದ್ದಿದ್ದು ಇದನ್ನ?"

ಅಳಿಯ ಫ್ಲೆಕ್ಸಿನ ಹಗ್ಗ ಹಿಡಿದುಕೊಂಡೇ ನಿಂತಿದ್ದ. ಅವನಿಗೆ ಈಗ ಎಲ್ಲ ಅರ್ಥವಾಗಿ, ಹಗ್ಗ ಬಿಚ್ಚಲೋ ಬೇಡವೋ ತಿಳಿಯಲಿಲ್ಲ.

"ನಾನು," ಪೇಂಟರು ಮುಂದೆ ಬಂದರು. "ನಾನೇ ತಿದ್ದಿದ್ದು. ಅವಳಿಗೇನೂ ಗೊತ್ತಿಲ್ಲ. ನೋಡಿ, ಮೊದಲಿಗಿಂತ ಎಷ್ಟೋ ಚೆನ್ನಾಗಿದೆ. ಬೇಕಾದ್ರೆ ಎಲ್ಲರನ್ನೂ ಕೇಳಿ."

"ಚೆನ್ನಾಗಿದೆ," ಎಂದಳು ಅವಳು. "ನಿಮ್ಮ ಕೈ ಬಹಳ ಚೆನ್ನಾಗಿದೆ. ನಾವು ಬಂದದ್ದು ಅದನ್ನ ನೋಡೋಕಲ್ಲ." ಆಮೇಲೆ ಮಗಳ ಕಡೆ ತಿರುಗಿ ಮೆಲ್ಲಗೆ, "ನಿಮಗೂ ಗೊತ್ತಿರಲಿಲ್ವಾ?" ಎಂದು ಕೇಳಿದಳು.

ಮಗಳು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಮೊನ್ನೆ ಗೊತ್ತಾಯ್ತು," ಎಂದಳು. ಅಷ್ಟಕ್ಕೆ ಎಲ್ಲ ಮುಗಿಯಿತು.

ಈ ಗಲಾಟೆಯಲ್ಲಿ ಬಾಲ ತನ್ನ ಚೌಕದ ಮುಂದೆ ಒಬ್ಬಳೇ ನಿಂತಿದ್ದಳು. ಅಜ್ಜಿ ಹೋಗಿ ಭುಜ ಹಿಡಿದಳು.

"ಬಾ ಪುಟ್ಟ, ಮನೆಗೋಗೋಣ."

"ಅದು ತಾತ, ಅಜ್ಜಿ," ಎಂದಳು ಬಾಲ, ಗೋಡೆ ತೋರಿಸಿ. "ಬೋರ್ಡಿಗೆ ಕೈ ಎಟುಕ್ಲಿ ಅಂತ ಉದ್ದ ಬರ್ದಿದ್ದೆ. ಈಗ ಎಟುಕಲ್ಲ."

ಪೇಂಟರು ಎರಡು ಹೆಜ್ಜೆ ದೂರದಲ್ಲೇ ಇದ್ದರು. ಅವರಿಗೆ ಕೇಳಿಸಿತು.

ಆ ಮಧ್ಯಾಹ್ನ ಹಬ್ಬದ ಅಡುಗೆ ಒಲೆಯ ಮೇಲೇ ತಣ್ಣಗಾಯಿತು. ನಿರ್ದೇಶಕರು ಫೋನು ಮಾಡಿ ಎರಡೇ ಮಾತಿನಲ್ಲಿ ಹೇಳಿದ್ದರು: ಸಂಸ್ಥೆ ಕೈಬಿಟ್ಟಿದೆ, ತಿಂಗಳ ಕೊನೆಯವರೆಗೆ ಬಂದರೆ ಸಾಕು.

"ಒಂದು ಚುಕ್ಕೆನೂ ಇಡ್ಬೇಡ ಅಂದಿದ್ದೆ ಅಪ್ಪ. ಒಂದು ಚುಕ್ಕೆ!"

"ನಿನಗೆ ಒಳ್ಳೇದಾಗ್ಲಿ ಅಂತ..."

"ಹಾಗನ್ಬೇಡ. ಆ ಮಾತೊಂದು ಅನ್ಬೇಡ."

"ಇವನು ಆ ಹಾಳು ಫ್ಲೆಕ್ಸ್ ಕಟ್ಟದೇ ಇದ್ದಿದ್ರೆ ಯಾರಿಗೂ..." ಪೇಂಟರು ಅಳಿಯನ ಕಡೆ ಕೈ ಮಾಡಿದರು.

ಈ ಮನೆಗೆ ಬಂದ ಆರು ವರ್ಷದಲ್ಲಿ ಅಳಿಯ ಮೊದಲ ಸಲ ಎದುರು ಮಾತಾಡಿದ. "ಫ್ಲೆಕ್ಸು ಇದ್ದದ್ದನ್ನ ಇದ್ದ ಹಾಗೆ ತೋರಿಸ್ತು ಮಾವ. ಅದಕ್ಕೆ ತಿದ್ದೋಕೆ ಬರಲ್ಲ."

"ನೋಡಿದ್ಯಾ, ನೋಡಿದ್ಯಾ ಇವನ ಬಾಯಿ?"

"ಅವರ ಮೇಲೆ ಹಾಕ್ಬೇಡ," ಎಂದಳು ಮಗಳು. ದನಿ ಇಳಿಸಿದ್ದಳು, ಅದು ಕಿರುಚುವುದಕ್ಕಿಂತ ಕೆಟ್ಟದಾಗಿತ್ತು. "ಆರನೇ ಕ್ಲಾಸಲ್ಲಿ ನಂಗೆ ಬಹುಮಾನ ಬಂತಲ್ಲ, ನೆನಪಿದ್ಯಾ? ನದಿ, ದೋಣಿ."

"ನೆನಪಿಲ್ದೆ ಏನು? ಫ್ರೇಮ್ ಹಾಕಿಸಿದ್ದೆ."

"ಅದ್ರಲ್ಲಿ ನನ್ನದು ಒಂದು ಗೆರೆನೂ ಇರ್ಲಿಲ್ಲ. ನಾನು ಮಲಗಿದ್ದಾಗ ನೀನು ಪೂರ್ತಿ ತಿದ್ದಿಟ್ಟಿದ್ದೆ. ವೇದಿಕೆ ಮೇಲೆ ನಿಂತು ಚಪ್ಪಾಳೆ ತಗೊಂಡೆ ನಾನು, ಕಳ್ಳಿ ಥರ. ಅವತ್ತಿಂದ ಕುಂಚ ಮುಟ್ಟಿಲ್ಲ."

"ನೀನೇ ಬಿಟ್ಟೆ ಅಂದ್ಕೊಂಡಿದ್ದೆ," ಎಂದರು ಪೇಂಟರು. "ಆಸಕ್ತಿ ಹೋಯ್ತು ಅಂದ್ಕೊಂಡಿದ್ದೆ."

"ಬೇರೆ ಮಕ್ಕಳಾದ್ರೂ ಬರೀಲಿ ಅಂತ ಈ ಕೆಲಸಕ್ಕೆ ಸೇರ್ಕೊಂಡೆ. ಅಲ್ಲಿಗೂ ಬಂದ್ಯಲ್ಲ ಅಪ್ಪ."

"ಸಾಕು ಮಾಡೇ," ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು. "ನೀನು ಅವರ ಅಂಗಿ ಮೂಸಿದ್ದು ನಾನು ಕಂಡಿದ್ದೀನಿ. ಅವತ್ತೇ ಕೂಗಿದ್ರೆ ಇಷ್ಟಾಗ್ತಿತ್ತಾ? ನಾನೂ ಕೂಗ್ಲಿಲ್ಲ. ಎಲ್ಲರಿಗೂ ಹೊಗಳಿಕೆ ಬೇಕಿತ್ತು."

ಹಾಲ್‌ನಲ್ಲಿ ಮುಚ್ಚಿಕೊಳ್ಳಲು ಬಾಗಿಲಿರಲಿಲ್ಲವಾದ್ದರಿಂದ ಮಗಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನಲ್ಲಿ ಬಿಟ್ಟಳು. ನೀರಿನ ಸದ್ದು ಬಹಳ ಹೊತ್ತು ಬಂತು.

ಎರಡು ವಾರ ಕಳೆಯಿತು. ಒಂದು ಸಂಜೆ ಮಂದಿರದ ಹಿರಿಯರು ಇಬ್ಬರು ಮನೆಗೆ ಬಂದರು. ಗೋಡೆ ಬಹಳ ಚೆಂದವಾಗಿದೆ, ಅಳಿಸುವ ಮಾತೇ ಇಲ್ಲ, ಆಚೆಯವರೂ ಒಪ್ಪಿದ್ದಾರೆ ಎಂದರು. ಇಡೀ ತಲೆಮಾರಿನಲ್ಲಿ ಎರಡೂ ಕಡೆಯವರು ಒಪ್ಪಿದ್ದು ಅದೊಂದನ್ನೇ.

"ನಿಮ್ಮ ಕೈಗೆ ವಯಸ್ಸಾಗಿಲ್ಲ ಪೇಂಟರೇ. ನಮ್ಮದೇ ತಪ್ಪಾಯ್ತು. ಮುಂದಿನ ವರ್ಷದಿಂದ ಬೋರ್ಡು ನೀವೇ ಬರೀಬೇಕು."

ಪೇಂಟರು ಮಗಳ ಕಡೆ ನೋಡಿದರು. ಅವಳು ಚಹಾ ತಂದಿಟ್ಟಳು. ಆ ವಾರವಷ್ಟೇ ಅವಳು ಗಂಡ ಕೆಲಸ ಮಾಡುವ ಫ್ಲೆಕ್ಸ್ ಅಂಗಡಿಯಲ್ಲಿ ಕೌಂಟರಿಗೆ ಸೇರಿದ್ದಳು, ಹೆಸರು, ಅಳತೆ ಬರೆದುಕೊಳ್ಳುವ ಕೆಲಸಕ್ಕೆ.

"ಒಪ್ಕೋ ಅಪ್ಪ," ಎಂದಳು. "ಒಬ್ಬರಿಗಾದ್ರೂ ಕಾಯಂ ಆಯ್ತಲ್ಲ."

ಹಿರಿಯರು ಅರ್ಥವಾಗದೆ ನಕ್ಕರು. ಪೇಂಟರು ಒಪ್ಪಲೂ ಇಲ್ಲ, ಬೇಡವೆನ್ನಲೂ ಇಲ್ಲ. ಹಿರಿಯರು ಹೋದ ಮೇಲೆ ಶೆಡ್ಡಿಗೆ ಹೋಗಿ ಕುಂಚಗಳನ್ನೆಲ್ಲ ಒಂದೊಂದಾಗಿ ತೊಳೆದರು. ತೊಳೆದದ್ದನ್ನೇ ಮತ್ತೆ ತೊಳೆದರು.

ಬಾಲ ಈಗ ತಾತನ ಹಿಂದೆ ಸುತ್ತುತ್ತಿರಲಿಲ್ಲ. ಜಗಳವೇನೂ ಇಲ್ಲ, ಕರೆದರೆ ಬರುತ್ತಿದ್ದಳು, ಹೇಳಿದ್ದನ್ನು ತಂದುಕೊಡುತ್ತಿದ್ದಳು, ಹೋಗುತ್ತಿದ್ದಳು. ಹೆಸರು ಮಾತ್ರ ಹಾಗೇ ಉಳಿದಿತ್ತು.

ಹಾಗೇ ಒಂದು ಭಾನುವಾರ ಅವಳು ಮೇಜಿನ ಮೇಲೆ ಬಿಳಿ ಹಾಳೆ ಹರಡಿಕೊಂಡು ಕೂತಿದ್ದಳು. ನಮ್ಮ ಮನೆ ಎಂದು ಚಿತ್ರ ಬರೆದು ತರಲು ಶಾಲೆಯಲ್ಲಿ ಹೇಳಿದ್ದರು. ಕೈಯಲ್ಲಿ ಸ್ಕೇಲು, ಪೆನ್ಸಿಲು, ಪಕ್ಕದಲ್ಲಿ ಹೊಸ ರಬ್ಬರು. ಪೇಂಟರು ಬಾಗಿಲಲ್ಲೇ ನಿಂತರು. ಹಾಳೆಯಲ್ಲಿ ಒಂದು ಗೋಡೆ, ಒಂದು ಬಾಗಿಲು, ಎರಡು ಕಿಟಕಿ. ಎಲ್ಲ ಸ್ಕೇಲಿನಲ್ಲಿ ಎಳೆದದ್ದು. ಮನುಷ್ಯರಿರಲಿಲ್ಲ.

"ಸ್ಕೇಲ್ ಯಾಕೆ ಪುಟ್ಟ? ಕೈಯಲ್ಲೇ ಬರಿ. ಹೇಗೆ ಬಂದ್ರೂ ಚೆಂದ."

ಬಾಲ ತಲೆಯೆತ್ತಲಿಲ್ಲ. "ಈ ಗೆರೆ ನೇರ ಇದ್ಯಾ ತಾತ?"

ಪೇಂಟರು ಬಗ್ಗಿ ನೋಡಿದರು. ಕಿಟಕಿಯ ಕೆಳಗಿನ ಗೆರೆ ಎಡಕ್ಕೆ ಒಂದು ನೂಲಿನಷ್ಟು ಇಳಿದಿತ್ತು. ಊರಿನಲ್ಲಿ ಬೇರೆ ಯಾರ ಕಣ್ಣಿಗೂ ಅದು ಬೀಳುತ್ತಿರಲಿಲ್ಲ.

"ಇದೆ," ಎಂದರು. "ನೇರವಾಗೇ ಇದೆ."

ಬಾಲ ಹಾಳೆಯನ್ನು ಎತ್ತಿ, ಒಂದು ಕಣ್ಣು ಮುಚ್ಚಿ, ಥೇಟ್ ತಾತನಂತೆಯೇ ಬೆಳಕಿಗೆ ಹಿಡಿದು ನೋಡಿದಳು.

"ಸುಳ್ಳು ಹೇಳ್ಬೇಡ ತಾತ. ಇಳಿದಿದೆ."

ಅಳಿಸಿ ಮತ್ತೆ ಎಳೆದಳು. ಮತ್ತೆ ಬೆಳಕಿಗೆ ಹಿಡಿದಳು. ಮತ್ತೆ ಅಳಿಸಿದಳು. "ಬಿಡು ಮಗು, ಸಾಕು," ಎಂದು ಪೇಂಟರು ಅವಳ ಕೈ ಹಿಡಿಯಹೋದರು. ಅವಳು ಮೊಣಕೈಯಿಂದ ಅವರನ್ನು ತಳ್ಳಿ, ತುಟಿ ಕಚ್ಚಿಕೊಂಡು, ಅದೇ ಜಾಗವನ್ನು ರಬ್ಬರಿನಿಂದ ಉಜ್ಜುತ್ತಲೇ ಹೋದಳು. ಕಿಟಕಿಯಿದ್ದ ಕಡೆ ಹಾಳೆ ತೂತಾಯಿತು.